ಬಿರಿಯದ ಮಣ್ಣು

ಮುಖದ ತುಂಬ ಗುಳ್ಳೆ ಎಂದು ಕೊರಗುತ್ತಿದ್ದ ತಂಗಿ ಕಪ್ಪೆಗೆ ಅಕ್ಕ ಕಪ್ಪೆ ಕೆರೆಯ ಜೇಡಿಮಣ್ಣು ಮೆತ್ತಿದಳು. "ಒಣಗುವ ತನಕ ಬಾಯಿ ಬಿಡಬೇಡ ಕಣೇ. ಮಣ್ಣು ಬಿರಿದರೆ ಮುಖ ಸುಕ್ಕುಗಟ್ಟುತ್ತದೆ" ಎಂದಳು.

ತಂಗಿ ಉಸಿರನ್ನೂ ಹೆದರಿ ಹೆದರಿ ಬಿಡುತ್ತ ಕುಳಿತಳು. ಅಷ್ಟರಲ್ಲಿ ಅಕ್ಕನ ಬೆನ್ನ ಹಿಂದೆ ಜೊಂಡು ಸರಿದು ತಂಗಿಗೆ ಹಾವಿನ ತಲೆ ಕಂಡಿತು. ಕೂಗಲೇ? ಕೂಗಿದರೆ ಮಣ್ಣು ಬಿರಿಯುತ್ತದಲ್ಲ! ಕಣ್ಣು ಮಿಟುಕಿಸಿ ಸನ್ನೆ ಮಾಡಿದಳು.

"ಏನೇ, ಉರಿಯುತ್ತಿದೆಯಾ? ಇನ್ನೊಂದು ಚೂರು ತಡಕೋ" ಎಂದು ಅಕ್ಕ ನಕ್ಕಳು. ಆ ನಗು ಮುಗಿಯುವ ಮೊದಲೇ ಹಾವು ಅವಳನ್ನು ಕಚ್ಚಿಕೊಂಡು ಹೋಯಿತು.

ಮಣ್ಣು ಒಣಗಿತು. ಎಲ್ಲೂ ಬಿರಿದಿರಲಿಲ್ಲ. ತೊಳೆದ ಮುಖ ನೀರಿನಲ್ಲಿ ಫಳಫಳ ಹೊಳೆಯಿತು. ಚೆನ್ನಾಗಿದೆ ಎನ್ನಲು ಅಕ್ಕ ಇರಲಿಲ್ಲ.