ಬಿರುಕಿನ ಕೆಳಗೆ ಓದಲಾಗದ ಕೀರ್ತನೆ

ಸಂತರಿಗೆ ಕೋಪವೇ ಬರುವುದಿಲ್ಲವೆಂದು ನಂಬಿರುವ ಭಕ್ತರು ನಮ್ಮಲ್ಲಿ ಬಹಳ ಮಂದಿ. ಅಂಥವರು ಎಸ್ತೇರಮ್ಮನವರ ಬಾಳಿನ ಈ ಒಂದು ಸಂಗತಿಯನ್ನು ತಿಳಿದಿರಬೇಕು.

ಎಸ್ತೇರಮ್ಮನವರು ಪಟ್ಟಣದ ಹೆಣ್ಣುಮಕ್ಕಳ ಶಾಲೆಯಲ್ಲಿ ಬಹುಕಾಲ ಉಪಾಧ್ಯಾಯಿನಿಯಾಗಿದ್ದವರು. ಪತಿ ತೀರಿಕೊಂಡು ಕರ್ತನಲ್ಲಿ ನಿದ್ರಿಸಿದ ಮೇಲೆ ಅವರು ಶಾಲೆಯನ್ನು ಬಿಟ್ಟು, ಕಲ್ಲು ಒಡೆಯುವವರ ಊರಾದ ಬಂಡೆಪಾಳ್ಯಕ್ಕೆ ಬಂದು ನೆಲೆಸಿದರು. ಕೇರಿಯ ಕೊನೆಯಲ್ಲಿ ತಗಡು ಹೊದಿಸಿದ ಒಂದೇ ಕೋಣೆ. ಎಷ್ಟು ಗುಡಿಸಿದರೂ ನೆಲದ ಮೇಲೆ ಕಲ್ಲಿನ ಪುಡಿ ತೆಳ್ಳಗೆ ಕೂತೇ ಇರುತ್ತಿತ್ತು. ಅಲ್ಲಿನ ಗಂಡಸರು ಗಣಿಯಲ್ಲಿ ಬಂಡೆ ಸೀಳುತ್ತಿದ್ದರು. ಹೆಂಗಸರು ಬಂಡೆಯ ಬುಡದಲ್ಲಿ ಕುಳಿತು ಜಲ್ಲಿ ಒಡೆಯುತ್ತಿದ್ದರು. ಸಂಜೆ ಕೈಕಾಲು ತೊಳೆದುಕೊಂಡು ಆ ಹೆಂಗಸರು ಎಸ್ತೇರಮ್ಮನವರ ಕೋಣೆಗೆ ಬರುತ್ತಿದ್ದರು. ಅಮ್ಮನವರು ಸತ್ಯವೇದದಿಂದ, ಎಂದರೆ ಬೈಬಲಿನಿಂದ, ಒಂದು ಭಾಗವನ್ನು ಓದುತ್ತಿದ್ದರು. ಪ್ರಸಂಗ ಮಾಡುತ್ತಿರಲಿಲ್ಲ. ಓದಿ ಮುಗಿಸಿ, "ಇದು ನಾಳೆ ಬೆಳಿಗ್ಗೆ ನಮ್ಮ ಮನೆಯಲ್ಲಿ ಯಾವ ಕೆಲಸಕ್ಕೆ ಬರುತ್ತದೆ?" ಎಂದು ಮಾತ್ರ ಕೇಳುತ್ತಿದ್ದರು.

ಒಮ್ಮೆ ಮನ್ನದ ಕಥೆಯನ್ನು ಓದಿದರು. ಅರಣ್ಯದಲ್ಲಿ ದೇವರು ಕೊಟ್ಟ ಆಹಾರವನ್ನು ಮಾರನೆಯ ದಿನಕ್ಕೆಂದು ಬಚ್ಚಿಟ್ಟವರ ಪಾತ್ರೆಯಲ್ಲಿ ಹುಳ ಬಿದ್ದ ಕಥೆ ಅದು. ಆಗ ನವೋಮಿ ಎಂಬಾಕೆ, "ಹಂಗಾದ್ರೆ ನಿನ್ನೆ ಜಗಳಾನೂ ಇವತ್ತಿಗೆ ಇಟ್ಕೋಬಾರ್ದು ಅಲ್ವೇನಮ್ಮಾ?" ಎಂದಳು. ಎಲ್ಲರೂ ನಕ್ಕರು. ಆಕೆ ಮಾತ್ರ ಅಲ್ಲಿಂದೆದ್ದು ನೇರವಾಗಿ ಮಾತು ಬಿಟ್ಟಿದ್ದ ನಾದಿನಿಯ ಮನೆಗೆ ಹೋದಳು. ಎಸ್ತೇರಮ್ಮನವರು ನವೋಮಿಯನ್ನು ಬಹಳ ಪ್ರೀತಿಸುತ್ತಿದ್ದರು.

ಆ ಗಣಿಯ ಗುತ್ತಿಗೆದಾರರು ಜೀವರತ್ನಯ್ಯನವರು. ಅವರು ನಮ್ಮ ಸಭೆಯ ಹಿರಿಯರೂ ಆಗಿದ್ದರು. ದೇವಾಲಯದೊಳಗೆ ಮುಂದಿನ ಸಾಲಿನ ಬೆಂಚು ಅವರದು. ಪ್ರತಿದಿನ ಕೆಲಸ ಆರಂಭವಾಗುವ ಮುನ್ನ ಗಣಿಯ ಬಾಯಲ್ಲಿ ಆಳುಗಳನ್ನು ನಿಲ್ಲಿಸಿ, ಸತ್ಯವೇದದ ಒಂದು ಕೀರ್ತನೆ ಓದಿ, ಪ್ರಾರ್ಥನೆ ಮಾಡಿಸುತ್ತಿದ್ದರು. ಇಂಥ ಯಜಮಾನರು ಸಿಕ್ಕಿದ್ದು ಭಾಗ್ಯವೆಂದು ಊರಿನವರು ಹೇಳಿಕೊಳ್ಳುತ್ತಿದ್ದರು.

ಆ ವರ್ಷ ಹೊಳೆಗೆ ಸೇತುವೆ ಕಟ್ಟುವವರು ಕಲ್ಲಿಗಾಗಿ ಅವಸರ ಮಾಡುತ್ತಿದ್ದರು. ಗಣಿಯ ಪೂರ್ವದ ಗೋಡೆಯಲ್ಲಿ ಒಂದು ಬಿರುಕು ಕಾಣಿಸಿಕೊಂಡಿತು. ನವೋಮಿಯ ಗಂಡ ಗಿದ್ಯೋನನು ಬಂಡೆಗೆ ಬೆಣೆ ಹೊಡೆಯುವುದರಲ್ಲಿ ಪಳಗಿದವನು. ಅವನು ಸುತ್ತಿಗೆಯಿಂದ ತಟ್ಟಿ ನೋಡಿದ. ಟೊಳ್ಳು ಸದ್ದು ಬಂತು. ಜೀವರತ್ನಯ್ಯನವರ ಬಳಿ ಹೋಗಿ, "ಅಯ್ನೋರೇ, ಇದನ್ನ ಮೇಲಿಂದ ಕೆಡವೋವರೆಗೂ ಕೆಳಗೆ ಯಾರನ್ನೂ ಕೂರಿಸ್ಬೇಡಿ," ಎಂದು ಹೇಳಿದ. ಕೆಡವಬೇಕೆಂದರೆ ಕೆಲಸ ನಿಲ್ಲಬೇಕು. ಜೀವರತ್ನಯ್ಯನವರು ಮರುದಿನ ಬೆಳಿಗ್ಗೆ ತೊಂಬತ್ತೊಂದನೆಯ ಕೀರ್ತನೆಯನ್ನು ಓದಿದರು. ದೇವರ ಮರೆಯಲ್ಲಿ ವಾಸಿಸುವವನಿಗೆ ಯಾವ ಕೇಡೂ ತಟ್ಟದು, ದೂತರು ಅವನನ್ನು ಕೈಗಳಲ್ಲಿ ಎತ್ತಿಕೊಳ್ಳುವರು ಎಂಬ ಕೀರ್ತನೆ. ಓದಿದ ಮೇಲೆ, "ನಂಬಿಕೆ ಇದ್ದವರು ಹೋಗಿ ಕೂತ್ಕೊಳ್ಳಿ. ಇಲ್ಲದವರು ಮನೆಗೆ ಹೋಗಬಹುದು," ಎಂದರು.

ನಂಬಿಕೆ ಇಲ್ಲದವಳೆಂದು ಅನ್ನಿಸಿಕೊಳ್ಳಲು ಯಾವ ಹೆಂಗಸು ಒಪ್ಪುತ್ತಾಳೆ? ಎಲ್ಲರೂ ಹೋದರು. ನವೋಮಿಯೂ ಹೋದಳು. ಮಧ್ಯಾಹ್ನ ಊಟಕ್ಕೆ ಎಲ್ಲರೂ ಎದ್ದಾಗ, ಹಿಂದೆ ಉಳಿದಿದ್ದ ಬುಟ್ಟಿಯನ್ನು ತರಲು ಆಕೆ ಒಬ್ಬಳೇ ಮರಳಿ ಹೋದಳು. ಆಗ ಬಿರುಕುಬಿಟ್ಟ ಗೋಡೆಯ ಅರ್ಧ ಭಾಗ ಕಳಚಿ ಆಕೆಯ ಮೇಲೆ ಬಿತ್ತು.

ಸಮಾಧಿಯ ಬಳಿ ಜೀವರತ್ನಯ್ಯನವರೇ ಎದ್ದು ನಿಂತು ಪ್ರಾರ್ಥನೆ ಮಾಡಿದರು. "ಕರ್ತನ ಚಿತ್ತ. ಕರ್ತನು ಕೊಟ್ಟನು, ಕರ್ತನು ತೆಗೆದುಕೊಂಡನು," ಎಂದರು. ಜನ ಆಮೆನ್ ಎಂದರು. ಗಿದ್ಯೋನನ ಬಾಯಿಂದ ಮಾತ್ರ ಏನೂ ಹೊರಡಲಿಲ್ಲ. ಸಮಾಧಾನ ಹೇಳಲು ಬಂದವರೆಲ್ಲ ಅವನಿಗೆ, ದೇವರನ್ನು ಪ್ರಶ್ನಿಸಬೇಡ, ಮೌನವಾಗಿ ಸಹಿಸಿಕೋ, ಎಂದರು. ಆಗ ಅವನ ಮುಖವನ್ನು ನೋಡಿದ ಒಬ್ಬರೂ ಎರಡನೆಯ ಸಲ ಅವನ ಮನೆಗೆ ಹೋಗಲಿಲ್ಲವಂತೆ.

ಶನಿವಾರ ಮಧ್ಯಾಹ್ನ ಗಿದ್ಯೋನನು ನವೋಮಿಯ ಸತ್ಯವೇದವನ್ನು ಹಿಡಿದುಕೊಂಡು ಎಸ್ತೇರಮ್ಮನವರ ಬಾಗಿಲಿಗೆ ಬಂದನು. ಅಮ್ಮನವರು ಅವರೆಕಾಯಿ ಸುಲಿಯುತ್ತಿದ್ದರು. ಅವನು ಒಳಗೆ ಬರಲಿಲ್ಲ. ಪುಸ್ತಕವನ್ನು ಹೊಸ್ತಿಲ ಮೇಲೆ ಎಸೆದನು.

"ತಗೊಳ್ಳಮ್ಮಾ. ಇದೇ ಅವಳನ್ನ ಕೊಂದಿದ್ದು."

ಎಸ್ತೇರಮ್ಮನವರು ಪುಸ್ತಕವನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದರು. ಅವನನ್ನು ಗದರಿಸಲಿಲ್ಲ.

"ಒಳಗೆ ಬಾಪ್ಪಾ. ಹೇಳು."

"ಏನ್ ಹೇಳ್ಲಿ? ನಾನು ದಿನಾ ಬೇಡ್ಕೋತಿದ್ದೆ, ಅವಳನ್ನ ಕಾಯಪ್ಪಾ ಅಂತ. ಕಾಯೋನು ಎಲ್ಲಿಗೆ ಹೋಗಿದ್ದ? ಅವನು ಅಲ್ಲಿ ಇದ್ದಿದ್ರೆ ನನ್ನ ಹೆಂಡ್ತಿ ಸಾಯ್ತಿರ್ಲಿಲ್ಲ. ಈ ಮಾತು ಆಡ್ಬಾರ್ದು ಅಂತಾರೆ ಎಲ್ಲರೂ. ನಾನು ಆಡ್ತೀನಿ. ನಿಮಗೆ ಬೇಜಾರಾದ್ರೆ ಆಗ್ಲಿ."

ಅಮ್ಮನವರು ಅದೇ ಪುಸ್ತಕವನ್ನು ತೆರೆದು, ಯೋಹಾನನ ಸುವಾರ್ತೆಯಿಂದ ಮಾರ್ಥಳ ಕಥೆಯನ್ನು ಓದತೊಡಗಿದರು. ತಮ್ಮನಾದ ಲಾಜರನು ಕಾಯಿಲೆ ಬಿದ್ದಿದ್ದಾನೆಂದು ಮಾರ್ಥಳೂ ಅವಳ ತಂಗಿಯೂ ಸ್ವಾಮಿಗೆ ಹೇಳಿಕಳುಹಿಸುತ್ತಾರೆ. ಸ್ವಾಮಿ ತಡಮಾಡುತ್ತಾರೆ. ಅವರು ಬರುವಷ್ಟರಲ್ಲಿ ತಮ್ಮನನ್ನು ಮಣ್ಣುಮಾಡಿ ಆಗಿದೆ. ಮಾರ್ಥಳು ಮನೆಯಲ್ಲಿ ಕಾಯುವುದಿಲ್ಲ. ಊರ ಹೊರಗೇ ದಾರಿಯಲ್ಲಿ ಅವರನ್ನು ಎದುರುಗೊಂಡು, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ಮುಖಕ್ಕೇ ಹೇಳುತ್ತಾಳೆ.

ಗಿದ್ಯೋನನು ತಲೆ ಎತ್ತಿದನು. "ಇದು ಅದರಲ್ಲಿ ಐತಾ?"

"ಇದೆ."

"ಸ್ವಾಮಿ ಏನಂದ್ರು? ಬೈದ್ರಾ?"

"ಬೈಯಲಿಲ್ಲ. ಸಮಾಧಿಯ ಹತ್ತಿರ ಹೋಗಿ ಅತ್ತರು. ಆಮೇಲೆ ಸಮಾಧಿಗೆ ಮುಚ್ಚಿದ್ದ ಕಲ್ಲು ತೆಗೆಯಿರಿ ಅಂದರು." ಅಮ್ಮನವರು ಪುಸ್ತಕವನ್ನು ಮಡಚಿ ಮುಂದುವರಿಸಿದರು: "ಬೈಯಬೇಕು ಅನ್ನಿಸಿದರೆ ಬೈಯಪ್ಪಾ. ತಾವು ನಂಬದ ದೇವರನ್ನು ಯಾರೂ ಹುಡುಕಿಕೊಂಡು ಹೋಗಿ ಬೈಯುವುದಿಲ್ಲ. ಆದರೆ ಒಂದು ಕೇಳುತ್ತೇನೆ. ಆ ಬಂಡೆಯ ಕೆಳಗೆ ಅವಳನ್ನು ಕೂರಿಸಿದವನು ದೇವರೇನು?"

ಆಗ ಗಿದ್ಯೋನನು ಬಿರುಕಿನ ಸಂಗತಿಯನ್ನೂ, ತಾನು ಹೇಳಿದ್ದನ್ನೂ, ಮರುದಿನ ಓದಲಾದ ಕೀರ್ತನೆಯನ್ನೂ ಒಂದೊಂದಾಗಿ ತಿಳಿಸಿದನು. ಎಸ್ತೇರಮ್ಮನವರಿಗೆ ಇದಾವುದೂ ತಿಳಿದಿರಲಿಲ್ಲ. ಹೆಂಗಸರು ಹೆದರಿ ಹೇಳಿರಲಿಲ್ಲ.

"ಆ ಬಿರುಕು ಈಗ?"

"ಅರ್ಧ ಬಿದ್ದೈತೆ. ಇನ್ನರ್ಧ ಹಂಗೇ ನಿಂತೈತೆ. ಸೋಮವಾರದಿಂದ ಅದರ ಕೆಳಗೇ ಕೆಲಸ ಅಂತ ಹೇಳಿಕಳಿಸಿದ್ದಾರೆ."

ಅಮ್ಮನವರ ಮುಖ ಆಗ ಕೆಂಪಾಯಿತೆಂದೂ, ಮಡಿಲಲ್ಲಿದ್ದ ಅವರೆಕಾಳು ಚೆಲ್ಲಿಹೋದದ್ದು ಅವರಿಗೆ ತಿಳಿಯಲೇ ಇಲ್ಲವೆಂದೂ ಗಿದ್ಯೋನನು ಹೇಳುತ್ತಿದ್ದನು. ಆ ತಾಯಿಯನ್ನು ಅಷ್ಟು ಸಿಟ್ಟಿನಲ್ಲಿ ಯಾರೂ ಕಂಡಿರಲಿಲ್ಲ. ಅವರು ಅಂದದ್ದು ಇಷ್ಟೇ: "ನನ್ನ ಸ್ವಾಮಿಯ ಮಾತಿನಿಂದಲೇ ನನ್ನ ಮಗಳನ್ನು ಕೊಂದರೇ!"

ಭಾನುವಾರ ಅವರು ಜೀವರತ್ನಯ್ಯನವರ ಮನೆಗೆ ಹೋದರು. ಯಜಮಾನರು ವಿಶ್ರಮಿಸುತ್ತಿದ್ದಾರೆ, ನಾಳೆ ಬನ್ನಿ ಎಂದು ಒಳಗಿನಿಂದ ಹೇಳಿಸಲಾಯಿತು. "ಹಾಗಾದರೆ ನಾಳೆ ಗಣಿಯಲ್ಲೇ ಕಾಣುತ್ತೇನೆಂದು ಹೇಳಿ," ಎಂದು ಅವರು ಹಿಂದಿರುಗಿದರು.

ಸೋಮವಾರ ಬೆಳಿಗ್ಗೆ ಆಳುಗಳು ಬಂದಾಗ, ಗಣಿಗೆ ಇಳಿಯುವ ಇಕ್ಕಟ್ಟಾದ ದಾರಿಯ ನಡುವೆ ಎಸ್ತೇರಮ್ಮನವರು ನಿಂತಿದ್ದರು. ಕೈಯಲ್ಲಿ ಸತ್ಯವೇದವಿತ್ತು. ಹೆಂಗಸರು ಬುಟ್ಟಿ ಸುತ್ತಿಗೆಗಳನ್ನು ಹಿಡಿದು ಅವರ ಮುಂದೆ ನಿಂತುಬಿಟ್ಟರು. ಗಿದ್ಯೋನನೂ ಹಾರೆ ಹೊತ್ತು ಬಂದಿದ್ದನು. ಆ ಹಾರೆಯನ್ನು ಬಂಡೆಗೆಂದು ತಂದೆನೋ ಜೀವರತ್ನಯ್ಯನವರ ತಲೆಗೆಂದು ತಂದೆನೋ ಆಗ ತನಗೇ ಗೊತ್ತಿರಲಿಲ್ಲವೆಂದು ಅವನು ಆಮೇಲೆ ಒಪ್ಪಿಕೊಂಡನು.

ಜೀವರತ್ನಯ್ಯನವರು ಬಂದರು. "ಇದೇನು ಎಸ್ತೇರಮ್ಮನವರೇ? ದಾರಿ ಬಿಡಿ. ಪ್ರಾರ್ಥನೆಗೆ ಹೊತ್ತಾಯಿತು."

"ಪ್ರಾರ್ಥನೆಗೆ ನಾನೂ ಬಂದಿದ್ದೇನೆ. ಇವತ್ತು ಯಾವ ಕೀರ್ತನೆ?"

"ನೋಡಿ, ಜನ ಹೆದರಿದ್ದಾರೆ. ಅವರ ನಂಬಿಕೆಯನ್ನು ನೀವು ಇನ್ನಷ್ಟು ಕೆಡಿಸಬೇಡಿ. ಸಾವು ಬದುಕು ಕರ್ತನ ಕೈಯಲ್ಲಿದೆ. ಅದೇ ಕೀರ್ತನೆಯನ್ನು ಓದಿ ಧೈರ್ಯ ಹೇಳುತ್ತೇನೆ."

ಎಸ್ತೇರಮ್ಮನವರು ತೊಂಬತ್ತೊಂದನೆಯ ಕೀರ್ತನೆಯನ್ನು ತೆರೆದು, ಎರಡೂ ಕೈಗಳಿಂದ ಪುಸ್ತಕವನ್ನು ಅವರಿಗೆ ನೀಡಿದರು. ಅನಂತರ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಎದುರಿಗೆ ಪೂರ್ವದ ಗೋಡೆ, ಅದರಲ್ಲಿ ಉಳಿದರ್ಧ ಬಿರುಕು.

"ಓದಿ, ಹಿರಿಯರೇ. ಆದರೆ ಇಲ್ಲಿ ಬೇಡ. ನವೋಮಿ ಕೂತಿದ್ದ ಜಾಗಕ್ಕೆ ಹೋಗಿ ನಿಂತು ಓದಿ. ಆಮೆನ್ ಅನ್ನುವುದಕ್ಕೆ ನಾವು ಇಲ್ಲಿರುತ್ತೇವೆ."

ಜೀವರತ್ನಯ್ಯನವರು ಗೋಡೆಯನ್ನು ನೋಡಿದರು. ಮೇಲಿನಿಂದ ಸಣ್ಣ ಚೂರೊಂದು ಉರುಳಿ ಕೆಳಗೆ ಬಿದ್ದ ಸದ್ದಾಯಿತು. ಅವರು ಒಂದು ಹೆಜ್ಜೆ ಇಟ್ಟರು. ಎರಡನೆಯದು ಬರಲಿಲ್ಲ. ಕೈಯಲ್ಲಿ ಪುಸ್ತಕ ಹಿಡಿದು, ಊರಿನ ಜನರೆಲ್ಲರ ಕಣ್ಣೆದುರಿಗೆ, ಆ ದೊಡ್ಡ ಮನುಷ್ಯರು ಹಾಗೇ ನಿಂತರು. ಯಾರೂ ನಗಲಿಲ್ಲ. ಒಬ್ಬ ಹೆಂಗಸು ಮಾತ್ರ ತನ್ನ ಸುತ್ತಿಗೆಯನ್ನು ನೆಲಕ್ಕೆ ಹಾಕಿದಳು. ಅವಳ ಹಿಂದೆ ಉಳಿದವರೂ ಹಾಕಿದರು.

ಎಸ್ತೇರಮ್ಮನವರು ಸಿಟ್ಟಿನಿಂದ ಅವರೆದುರಿಗೆ ಬಂದು ನಿಂತರು. "ನಮ್ಮ ಸ್ವಾಮಿಯನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಕೆಳಗೆ ಹಾರು, ದೂತರು ಹಿಡಿದುಕೊಳ್ಳುತ್ತಾರೆ ಎಂದವನು ಯಾರು, ಹಿರಿಯರೇ? ಆ ಸೈತಾನ ಓದಿದ್ದೂ ಇದೇ ಕೀರ್ತನೆ. ನಮ್ಮ ಸ್ವಾಮಿ ಹಾರಲಿಲ್ಲ. ದೇವರನ್ನು ಪರೀಕ್ಷೆ ಮಾಡಬಾರದು ಅಂದರು. ನಿಮ್ಮ ಕೈ ಮಾಡಿದ್ದನ್ನು ಇನ್ನು ಮೇಲೆ ದೇವರ ತಲೆಗೆ ಕಟ್ಟಬೇಡಿ."

ಜೀವರತ್ನಯ್ಯನವರು ಪುಸ್ತಕವನ್ನು ಹಿಂದಕ್ಕೆ ಕೊಟ್ಟು ಊರಿನ ಕಡೆಗೆ ನಡೆದುಹೋದರು. ಅವರು ಪಕ್ಕದಲ್ಲೇ ಹಾದುಹೋದಾಗ ಗಿದ್ಯೋನನ ಹಾರೆ ಹೆಗಲಿನಿಂದ ಕೆಳಗೆ ಇಳಿಯಿತು. ಅಮ್ಮನವರು ಅದನ್ನು ಕಂಡರು. ಹತ್ತಿರ ಬಂದು ಅವನ ಮಣಿಕಟ್ಟನ್ನು ಹಿಡಿದರು.

"ಗಿದ್ಯೋನಾ, ಸ್ವಾಮಿ ಸತ್ತ ಲಾಜರನನ್ನೇ ಎಬ್ಬಿಸಬಲ್ಲವರಾಗಿದ್ದರು. ಆದರೂ ಕಲ್ಲು ತೆಗೆಯುವ ಕೆಲಸವನ್ನು ಮನುಷ್ಯರಿಗೇ ಬಿಟ್ಟರು. ಹೋಗಪ್ಪಾ. ನಿನ್ನ ಸಿಟ್ಟನ್ನೆಲ್ಲ ತೆಗೆದುಕೊಂಡು ಹೋಗಿ ಆ ಬಂಡೆಯ ಮೇಲೆ ಹಾಕು."

ಅವನು ಹಗ್ಗ ತರಿಸಿದನು. ಹೆಂಗಸರನ್ನೆಲ್ಲ ದೂರದ ದಿಬ್ಬಕ್ಕೆ ಕಳುಹಿಸಿ, ಬೆಟ್ಟದ ಬೆನ್ನಿನ ಕಡೆಯಿಂದ ಹತ್ತಿ, ಮೇಲಿದ್ದ ಗಟ್ಟಿ ಬಂಡೆಗೆ ಹಗ್ಗ ಬಿಗಿದು ನಡುವಿಗೆ ಕಟ್ಟಿಕೊಂಡನು. ನಾಲ್ಕು ಜನ ಹಗ್ಗ ಹಿಡಿದರು. ಬೆಣೆಯ ಮೇಲೆ ಬೆಣೆ ಹೊಡೆದನು. ಅವನು ಸುತ್ತಿಗೆ ಬೀಸುತ್ತ ಏನೋ ಕೂಗುತ್ತಿದ್ದುದು ದಿಬ್ಬದವರೆಗೂ ಕೇಳಿಸುತ್ತಿತ್ತು. ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಬಿಸಿಲೇರಿದ ಮೇಲೆ ಆ ಅರ್ಧ ಗೋಡೆ ಒಮ್ಮೆಲೇ ಕಳಚಿಕೊಂಡು, ಯಾರೂ ಇಲ್ಲದ ನೆಲದ ಮೇಲೆ ಬಿತ್ತು. ದೂಳು ಅಡಗಿದಾಗ, ನವೋಮಿಯ ಜೊತೆಗೆ ದಿನವೂ ಕೂರುತ್ತಿದ್ದ ಹೆಂಗಸರು ತಾವು ಕೂರಬೇಕಿದ್ದ ಜಾಗವನ್ನು ನೋಡಿದರು. ಕೆಲವರು ಅತ್ತರು. ಎಸ್ತೇರಮ್ಮನವರು ಮೊಣಕಾಲೂರಿ ನಿಶ್ಶಬ್ದವಾಗಿ ದೇವರನ್ನು ಸ್ತುತಿಸಿದರು.

ಜೀವರತ್ನಯ್ಯನವರು ಬಹಳ ದಿನ ದೇವಾಲಯಕ್ಕೆ ಬರಲಿಲ್ಲ. ಬಂದ ದಿನ ಮುಂದಿನ ಬೆಂಚಿನಲ್ಲಿ ಕೂರಲಿಲ್ಲ. ಕ್ಷಮೆ ಕೇಳಲು ಅವರು ಎಸ್ತೇರಮ್ಮನವರ ಬಳಿ ಬಂದಾಗ ಅಮ್ಮನವರು, "ನೀವು ಬರಬೇಕಾದ ಮನೆ ಇದಲ್ಲ," ಎಂದು ಗಿದ್ಯೋನನ ಮನೆಯ ಕಡೆಗೆ ಕೈ ತೋರಿಸಿದರು. ಅವರು ಅಲ್ಲಿಗೂ ಹೋದರು. ಆ ಬಾಗಿಲು ಮೊದಲ ಸಲ ತೆರೆಯಲಿಲ್ಲ; ಎರಡನೆಯ ಸಲವೂ ತೆರೆಯಲಿಲ್ಲ. ಎಸ್ತೇರಮ್ಮನವರು ಗಿದ್ಯೋನನನ್ನು ಅವಸರಪಡಿಸಲಿಲ್ಲ. ಮರುವರ್ಷದ ಶುಭಶುಕ್ರವಾರದ ದಿನ ಅವನು ತಾನಾಗಿಯೇ ಬಾಗಿಲು ತೆರೆದನೆಂದು ಹೇಳುತ್ತಾರೆ. ಒಳಗೆ ಅವರಿಬ್ಬರ ನಡುವೆ ಏನು ನಡೆಯಿತೆಂಬುದು ಯಾರಿಗೂ ತಿಳಿಯದು.

ಬಂಡೆ ಬಿದ್ದ ಆ ಸೋಮವಾರದ ಸಂಜೆ ಎಸ್ತೇರಮ್ಮನವರ ಕೋಣೆಯಲ್ಲಿ ಎಂದಿನಂತೆ ಹೆಂಗಸರು ಸೇರಿದ್ದರು. ಗಿದ್ಯೋನನು ಬಂದು ಬಾಗಿಲಿನ ಬಳಿ ಕುಳಿತನು. ಅವನ ಅಂಗೈಗಳಿಗೆ ಬಟ್ಟೆ ಸುತ್ತಲಾಗಿತ್ತು. ಓದು ಮುಗಿದು ಎಲ್ಲರೂ ಎದ್ದುಹೋದ ಮೇಲೆ ಅವನು, "ಅಮ್ಮಾ, ಮೇಲೆ ಹಗ್ಗದಲ್ಲಿ ನೇತಾಡ್ತಾ ಇದ್ದಾಗ ನಾನು ಅವನನ್ನ ಬೈದೆ. ಬಾಯಿಗೆ ಬಂದಂಗೆ ಬೈದೆ," ಎಂದನು.

"ಯಾರನ್ನಪ್ಪಾ? ಜೀವರತ್ನಯ್ಯನನ್ನಾ?"

"ಇಲ್ಲ. ದೇವರನ್ನ."

ಎಸ್ತೇರಮ್ಮನವರು ಬಂದು ಅವನ ಎದುರಿಗೆ ಕುಳಿತರು.

"ಉತ್ತರ ಏನೂ ಬರ್ಲಿಲ್ಲ," ಎಂದನು ಗಿದ್ಯೋನ. "ಆದ್ರೆ ಬೈಯೋವಾಗ, ನಾನೊಬ್ಬನೇ ಇದ್ದೀನಿ ಅಂತ ಒಂದು ಸಲಾನೂ ಅನ್ನಿಸ್ಲಿಲ್ಲ."