ಮೊದಲ ಹೋಳು

ಆ ವರ್ಷ ಬೆಟ್ಟದ ಬಿದಿರೆಲ್ಲ ಹೂ ಬಿಟ್ಟಿತು.

ಹೊಳೆದಂಡೆಯಲ್ಲಿದ್ದ ಮಾಚವ್ವನ ಗುಡಿಸಲಿಗೆ ದ್ಯಾವಣ್ಣ ಓಡೋಡಿ ಬಂದ. ಬೆನ್ನ ಮೇಲೆ ಕಂಬಳಿ, ಕೈಯಲ್ಲಿ ಕುಡುಗೋಲು. ಬಂದವನು ನಿಂತಲ್ಲಿಂದಲೇ ಮಾತಿಗೆ ಶುರುಮಾಡಿದ.

“ತಾಯಿ, ಬಿದಿರು ಹೂ ಬಿಟ್ಟರೆ ಹಿಂದೆಯೇ ಇಲಿ ಬರುತ್ತವಂತೆ. ಇಲಿ ಬಂದರೆ ಕಣಜ ಖಾಲಿ. ನೀವು ಚಿಕ್ಕವರಿದ್ದಾಗ ಅಂಥ ಕಾಲ ದಾಟಿದವರಂತೆ. ಯಾರ ಹಂಗೂ ಇಲ್ಲದೆ ಬದುಕೋದು ನನಗೆ ಕಲಿಸಿ.”

“ಕೂತ್ಕೊಳ್ಳಪ್ಪ.”

“ಕೂರೋಕೆ ಹೊತ್ತಿಲ್ಲ ತಾಯಿ.”

ಮಾಚವ್ವ ನಕ್ಕಳು. “ಅದೇನಪ್ಪ ಅಷ್ಟು ಅವಸರ?”

ದ್ಯಾವಣ್ಣ ಕುಡುಗೋಲು ಕೆಳಗಿಟ್ಟು ಹೇಳಿದ. “ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ನನಗೆ ಹತ್ತು ವಯಸ್ಸು. ತಂಗಿಗೆ ನಾಲ್ಕು. ಗಂಜಿ ಕೇಳಿಕೊಂಡು ಬಾ ಅಂತ ಅವ್ವ ಗಡಿಗೆ ಕೊಟ್ಟು ಕಳಿಸಿದಳು. ಇಡೀ ಊರು ಸುತ್ತಿ ಬರೀ ಗಡಿಗೆ ತಂದೆ. ತಂಗಿ ಉಳೀಲಿಲ್ಲ. ಇನ್ನೊಂದು ಸಲ ನಾನು ಬರಿಗೈಲಿ ನಿಲ್ಲೋದಿಲ್ಲ.”

ಮಾಚವ್ವ ನಗು ನಿಲ್ಲಿಸಿ, ಅವನ ಬೆನ್ನಿನ ಕಂಬಳಿ ಇಳಿಸಿಕೊಂಡು ಒಳಗೆ ಹಾಸಿದಳು.

ಮರುದಿನ ಕಾಡಿನಿಂದ ಒಂದು ಗೆಡ್ಡೆ ಅಗೆದು ತಂದಳು.

“ಇದು ಕಹಿಗೆಡ್ಡೆ. ಹಸಿವಿನ ಕಾಲಕ್ಕೆ ಕಾಡು ಇಟ್ಟುಕೊಂಡಿರೋದು ಇದೊಂದೇ. ಹೀಗೇ ತಿಂದರೆ ಆಳು ಉಳಿಯೋದಿಲ್ಲ. ಹೋಳು ಮಾಡಿ, ಬೂದಿ ಬಳಿದು, ಬುಟ್ಟಿಯಲ್ಲಿ ಕಟ್ಟಿ ಹರಿಯೋ ನೀರಿನಲ್ಲಿ ಬಿಡಬೇಕು. ಮೂರು ಹಗಲು, ಮೂರು ರಾತ್ರಿ. ಆಮೇಲೆ ಬೇಯಿಸೋದು.”

“ಅಷ್ಟೇನಾ?”

“ಬೇಯಿಸಿದವರು ಮೊದಲ ಹೋಳು ತಿಂದು, ಎಲ್ಲರಿಗೂ ಕಾಣೋ ಹಾಗೆ ಕೂರಬೇಕು. ಅಂಗಳದ ಗೂಟದ ನೆರಳು ಒಂದು ಮೊಳ ಸರಿಯೋತನಕ. ಅವರಿಗೇನೂ ಆಗದಿದ್ದರೆ ಉಳಿದವರಿಗೆ ಬಡಿಸೋದು.”

“ಅಷ್ಟು ಹೊತ್ತು ಸುಮ್ಮನೆ ಕೂರೋದಾ? ಅಷ್ಟರಲ್ಲಿ ಹತ್ತು ಮಾರು ಹಗ್ಗ ಹೊಸೀಬಹುದಲ್ಲ ತಾಯಿ!”

“ಹೊಸೀತಾ ಕೂತರೆ ಗಮನ ಹಗ್ಗದ ಮೇಲಿರುತ್ತೆ. ಗಂಟಲು ಹೇಳೋದನ್ನು ಯಾರು ಕೇಳ್ತಾರೆ?”

ಮೊದಮೊದಲು ದ್ಯಾವಣ್ಣ ಕೂತ, ಮೊಣಕಾಲು ಕುಣಿಸುತ್ತಾ, ಗಳಿಗೆಗೊಮ್ಮೆ ಗೂಟದ ಕಡೆ ನೋಡುತ್ತಾ. ಗೆಡ್ಡೆ ಪ್ರತಿಸಲವೂ ಹದವಾಗಿಯೇ ಇತ್ತು. ಆಮೇಲೆ ಅವನಿಗೆ ಬೇಸರ ಬಂತು.

ಜೇನು ಕೀಳುವವರ ಹಟ್ಟಿಗೆ ಹೋಗಿ ಜೇನು ಕೀಳುವುದು ಕಲಿತ. ಮೇದರ ಓಣಿಗೆ ಹೋಗಿ ಬುಟ್ಟಿ ಹೆಣೆಯುವುದು ಕಲಿತ. ಕಟ್ಟಿಗೆ ಉಜ್ಜಿ ಬೆಂಕಿ ಎಬ್ಬಿಸಿದ. ಮೀನು ಹಿಡಿಯುವ ಕೂಳಿ ಹೆಣೆದು ಹೊಳೆಗೆ ಇಳಿಸಿದ. ಒಂದು ಕೈಗೆ ಹತ್ತುವ ಮೊದಲೇ ಇನ್ನೊಂದರ ಯೋಚನೆ. ನಿದ್ದೆಯಲ್ಲೂ ಬೆರಳುಗಳು ಏನನ್ನೋ ಹೆಣೆಯುತ್ತಿದ್ದವು. ಪಾಪ, ಅವನನ್ನು ಬೈಯುವ ಹಾಗೂ ಇರಲಿಲ್ಲ, ಮಾಡಿದ್ದೆಲ್ಲ ಉಪಯೋಗದ ಕೆಲಸವೇ.

“ತಾಯಿ, ಹದಿನೆಂಟು ವಿದ್ಯೆ ಆಯಿತು. ಇನ್ನೇನು ಬಾಕಿ?”

“ಊಟ ಬಾಕಿ. ಬಾ, ಆರಿಹೋಗುತ್ತೆ.”

ಇಲಿಗಳು ಬಂದವು. ಮೊದಲು ಉದುರಿದ ಬಿದಿರಕ್ಕಿ ಮುಗಿಸಿದವು, ಆಮೇಲೆ ಹೊಲ, ಆಮೇಲೆ ಕಣಜ. ಒಂದು ದಿನ ಬೆಳಗ್ಗೆ ಆಚೆ ದಡದ ಆರು ಮನೆಯವರು ಹೊಳೆ ದಾಟಿ ಬಂದು ಮಾಚವ್ವನ ಅಂಗಳದಲ್ಲಿ ಕೂತರು. ಅವರಲ್ಲಿ ಒಂಬತ್ತು ಮಕ್ಕಳು.

ದ್ಯಾವಣ್ಣ ಎದ್ದು ನಿಂತ. ಇಷ್ಟು ದಿನ ಇದಕ್ಕಾಗಿಯೇ ಅಲ್ಲವೇ ಕಲಿತದ್ದು! ಮಕ್ಕಳಲ್ಲಿ ಒಂದು ಪುಟ್ಟ ಹುಡುಗಿ ಅಳುವುದಕ್ಕೂ ಶಕ್ತಿಯಿಲ್ಲದೆ ತಾಯಿಯ ಸೆರಗು ಚೀಪುತ್ತಿತ್ತು. ಅದನ್ನು ಅವನಿಂದ ನೋಡಲಾಗಲಿಲ್ಲ.

ನೀರಿನಲ್ಲಿ ಗೆಡ್ಡೆಯ ಬುಟ್ಟಿ ಇತ್ತು. ಬಿಟ್ಟು ಎರಡು ರಾತ್ರಿ ಆಗಿತ್ತು. ದ್ಯಾವಣ್ಣ ಒಂದು ಹೋಳು ಹಿಸುಕಿ ನೋಡಿದ. ಮೆತ್ತಗಿತ್ತು. ಸಾಕು ಅಂದುಕೊಂಡು ಎತ್ತಿ ಬೇಯಿಸಿಬಿಟ್ಟ.

“ಮೂರು ರಾತ್ರಿ ಆಯಿತೇನಪ್ಪ?” ಮಾಚವ್ವ ಕೇಳಿದಳು.

“ಹದ ಬಂದಿದೆ ತಾಯಿ. ಬಡಿಸಿ.”

“ಮೊದಲ ಹೋಳು ತಿಂದೆಯಾ?”

“ಎಷ್ಟು ಸಲ ಬೇಯಿಸಿದೀನಿ, ಒಂದು ಸಲವಾದರೂ ಕೆಟ್ಟಿದೆಯಾ? ಮಕ್ಕಳು ಸಾಯ್ತಾ ಇರುವಾಗ ನಾನು ನೆರಳು ನೋಡ್ತಾ ಕೂರಲಾ? ಕೂಳಿಯಲ್ಲಿ ಮೀನು ಬಿದ್ದಿರಬಹುದು, ಹೋಗಿ ತರ್ತೀನಿ.”

ಮಾತು ಮುಗಿಯುವ ಮೊದಲೇ ಅವನು ಅರ್ಧ ದಾರಿಯಲ್ಲಿದ್ದ.

ಕೂಳಿಯಲ್ಲಿ ಬೆರಳುದ್ದದ ಏಳೆಂಟು ಮೀನು ಸಿಕ್ಕಿದವು. ಹಿಗ್ಗುತ್ತಾ ವಾಪಸು ಬಂದ. ಅಂಗಳದಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು. ಎದುರಿಗೆ ಎಲೆಗಳು ಬರಿದಾಗಿದ್ದವು.

“ಇನ್ನೂ ಬಡಿಸಿಲ್ಲವಾ?” ದ್ಯಾವಣ್ಣ ಕೂಗಿದ. “ಯಾರು ತಡೆದಿದ್ದು?”

ಪುಟ್ಟ ಹುಡುಗಿ ಗೂಟದ ಕಡೆ ಬೆರಳು ತೋರಿಸಿತು.

ಗೂಟಕ್ಕೆ ಒರಗಿ ಮಾಚವ್ವ ಕೂತಿದ್ದಳು. ಮುಖವೆಲ್ಲ ಬೆವರು, ತುಟಿ ಊದಿತ್ತು. ವಾಂತಿ ಮಾಡಿಕೊಂಡು ಸುಸ್ತಾಗಿದ್ದ ಅವಳ ತಲೆಯನ್ನು ಹೆಂಗಸೊಬ್ಬಳು ಹಿಡಿದುಕೊಂಡಿದ್ದಳು. ನೆರಳು ಇನ್ನೂ ಅರ್ಧ ಮೊಳವೂ ಸರಿದಿರಲಿಲ್ಲ.

ದ್ಯಾವಣ್ಣನ ಕೈಯಿಂದ ಮೀನು ಜಾರಿ ಮಣ್ಣಿಗೆ ಬಿತ್ತು.

“ಎರಡೇ ರಾತ್ರಿ ಆಗಿತ್ತು ತಾಯಿ. ನಾನು ಹೇಳಲಿಲ್ಲ.”

“ಗೆಡ್ಡೆ ಹೇಳಿತು,” ಅಂದಳು ಮಾಚವ್ವ. ದನಿ ಪಿಸುಗುಟ್ಟಿದಂತಿತ್ತು. “ಮೀನು ತೊಳೆದು ಮಕ್ಕಳಿಗೆ ಸಾರು ಕಾಯಿಸು. ಬೇಯಿಸಿದ್ದನ್ನು ಹೂತುಬಿಡು.”

ಅವನು ಹಾಗೇ ಮಾಡಿದ. ನೀರೇ ಹೆಚ್ಚಿದ್ದ ಆ ಸಾರನ್ನು ಮಕ್ಕಳು ಗಟಗಟ ಕುಡಿದವು. ಅದನ್ನು ನೋಡುತ್ತಾ ಅವನಿಗೆ ಅಳು ತಡೆಯಲಾಗಲಿಲ್ಲ. ಒಂಬತ್ತು ಮಕ್ಕಳು. ತಂಗಿಯ ಸಲುವಾಗಿ ಕಲಿಯಲು ಹೊರಟವನು ಒಂಬತ್ತು ಮಕ್ಕಳನ್ನು ಕೊಂದುಬಿಡುತ್ತಿದ್ದ.

ಸಂಜೆಯ ಹೊತ್ತಿಗೆ ಮಾಚವ್ವ ಎದ್ದು ಕೂತು ಎರಡು ಗುಟುಕು ನೀರು ಕುಡಿದಳು. ಜೀವಕ್ಕೆ ಭಯವಿಲ್ಲ ಅಂತ ಗೊತ್ತಾದ ಕೂಡಲೇ ದ್ಯಾವಣ್ಣ ಕಂಬಳಿ ಮಡಚಿ ಬೆನ್ನಿಗೆ ಕಟ್ಟಿಕೊಂಡ.

“ಎಲ್ಲಿಗಪ್ಪ?”

“ಹೋಗ್ತೀನಿ ತಾಯಿ. ನನ್ನ ಕೈಯಿಂದ ಇನ್ನು ಯಾರೂ ತಿನ್ನಬಾರದು. ಕಾಡಿನಲ್ಲಿ ಒಬ್ಬನೇ ಇದ್ದುಬಿಡ್ತೀನಿ. ಅಷ್ಟಕ್ಕೆ ಬೇಕಾದ್ದು ಕಲಿತಿದ್ದೀನಿ.”

ಮಾಚವ್ವ ಅವನನ್ನು ತಡೆಯಲಿಲ್ಲ, ಬೈಯಲೂ ಇಲ್ಲ. ಹೊಸ್ತಿಲ ಹತ್ತಿರ ಇದ್ದ ಗೆಡ್ಡೆಯ ಗುಡ್ಡೆಯನ್ನೂ ಖಾಲಿ ಬುಟ್ಟಿಯನ್ನೂ ಅವನ ಕಾಲ ಬಳಿಗೆ ಸರಿಸಿದಳು.

“ಇವತ್ತು ಬಿಟ್ಟರೆ ಮೂರು ಹಗಲು, ಮೂರು ರಾತ್ರಿಗೆ ಆಗುತ್ತೆ. ನೀನೇ ಬೇಯಿಸು, ಮೊದಲ ಹೋಳು ನೀನೇ ತಿನ್ನು. ಮಕ್ಕಳು ನಿನ್ನ ಮುಖ ನೋಡ್ತಾ ಕೂತಿರ್ತಾರೆ.”