ಬಾಲ ಬೀಸದ ಮರಿಗಾಡಿ

ಎಳೆಯುವುದರ ಕೊರಳ ಮೇಲೆ ಭಾರ ಹೇರಬಾರದು ಎಂದು ಆಗ ಎಲ್ಲರೂ ನಂಬಿದ್ದರು. ಹೊರೆ ಹಿಂದಕ್ಕಿದ್ದಷ್ಟೂ ಗಾಡಿ ಹಗುರ, ಹೇರಿದವನಿಗೆ ಪುಣ್ಯ.

ಆಗ ಎಂದರೆ ಯಾವಾಗ ಎಂದು ಕೇಳಬೇಡಿ, ಹೇಳುವವರಿಗೂ ಗೊತ್ತಿಲ್ಲ. ಬಹಳ ಹಿಂದೆ, ಗುಡ್ಡದ ಈಚೆಯ ಒಂದೂರಿನಲ್ಲಿ, ಅಷ್ಟೆ. ಪೆಟ್ರೋಲು ಇತ್ತು, ಆದ್ದರಿಂದ ಕೃತಯುಗವಲ್ಲ.

ಆ ಊರಿನಲ್ಲಿ ಮಾನಪ್ಪ ಎಂಬ ಕಮ್ಮಾರನಿದ್ದ. ಏಳಡಿ ಎತ್ತರ ಇದ್ದನಂತೆ. ಅವನ ಕುಲುಮೆಯ ಬಾಗಿಲು ಇನ್ನೂ ಇದೆ. ಐದಡಿಯವನೂ ತಲೆ ಬಗ್ಗಿಸಬೇಕು. ಕಾದ ಕಬ್ಬಿಣವನ್ನು ಬರಿಗೈಯಲ್ಲಿ ಹಿಡಿಯುತ್ತಿದ್ದನಂತೆ. ಅವನ ಇಕ್ಕಳವೂ ಇದೆ. ಹಿಡಿದು ಹಿಡಿದು ಸವೆದಿದೆ. ಹೇಳುವವರೆಲ್ಲರೂ ಒಪ್ಪುವ ಮಾತು ಒಂದೇ: ಅವನಿಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ರೊಟ್ಟಿಯನ್ನೂ ನಿಂತೇ ತಿನ್ನುತ್ತಿದ್ದನಂತೆ. ಮಾಡಿದ್ದನ್ನು ಬಿಚ್ಚುವನು, ಬಿಚ್ಚಿದ್ದನ್ನು ಮತ್ತೆ ಮಾಡುವನು. ಕೊಟ್ಟ ಕುಡುಗೋಲು ಸರಿ ಇಲ್ಲವೆಂದು ತನಗೇ ಅನ್ನಿಸಿದರೆ ಹೊಲಕ್ಕೆ ಹೋಗಿ, ಕೊಯ್ಯುತ್ತಿದ್ದವಳ ಕೈಯಿಂದ ಕಸಿದು ತಂದು ಮತ್ತೆ ಬಡಿಯುತ್ತಿದ್ದನಂತೆ.

ಅದೇ ಊರಿನಲ್ಲಿ ಕುಂಬಾರರ ನೀಲವ್ವ ಇದ್ದಳು. ಗಂಡ ಸತ್ತ ಮೇಲೆ ತಿಗರಿ ಆಕೆಯ ಕೈಗೆ ಬಂತು. ಹೆಂಗಸು ತಿಗರಿ ತಿರುಗಿಸಬಾರದು ಎಂದವರೂ ಆಕೆಯ ಗಡಿಗೆಯ ನೀರನ್ನೇ ಕುಡಿದರು. ಗಡಿಗೆಗಳು ಸಂತೆಗೆ ಹೋಗುತ್ತಿದ್ದುದು ದ್ಯಾಮಣ್ಣನ ಎತ್ತಿನ ಗಾಡಿಯಲ್ಲಿ. ಗಾಲಿಗೆ ಕಬ್ಬಿಣದ ಹಳಿ, ದಾರಿಯ ತುಂಬ ಕಲ್ಲು. ನಾಲ್ಕರಲ್ಲೊಂದು ದಾರಿಯಲ್ಲೇ ಒಡೆಯುತ್ತಿತ್ತು. ಆ ಹಳಿ ಬಡಿದು ಕೂರಿಸಿದವನು ಮಾನಪ್ಪ. ಒಂದು ದಿನ ನೀಲವ್ವ ಚೂರುಗಳನ್ನು ಸೆರಗಿನಲ್ಲಿ ತಂದು ಕುಲುಮೆಯ ಮುಂದೆ ಸುರಿದಳಂತೆ.

"ಯಣ್ಣಾ, ನಿನ್ನ ಹಳಿ ತಿಂದು ಉಗುಳಿದ್ದು ಇಷ್ಟು. ಇದನ್ನೂ ನೀನ ಇಟ್ಕೋ."

ಅಂದಿನಿಂದ ಅವನು ಎದುರಿಗೆ ಸಿಕ್ಕ ಗಾಲಿಯನ್ನೆಲ್ಲ ಬಗ್ಗಿ ಬಗ್ಗಿ ನೋಡತೊಡಗಿದನಂತೆ.

ಕೆಟ್ಟ ಮೋಟರ್ ಸೈಕಲ್ಲೊಂದು ಅವನ ಅಂಗಳದಲ್ಲಿ ನಿಂತಿತ್ತು. ರಿಪೇರಿಗೆ ಬಿಟ್ಟು ಹೋದವನು ಮರಳಿ ಬಂದಿರಲಿಲ್ಲ. ಮಾನಪ್ಪ ಅದನ್ನು ಎಬ್ಬಿಸಿದ. ಅದರ ಹಿಂದೆ ಕಟ್ಟಿ ಎಳೆಯಲು ಒಂದು ಚಿಕ್ಕ ಗಾಡಿ ಮಾಡಿದ. ಕಬ್ಬಿಣದ ಚೌಕಟ್ಟು, ಸರಿಯಾಗಿ ನಟ್ಟನಡುವೆ ಅಚ್ಚು, ಅಚ್ಚಿಗೆ ಸ್ಕೂಟರಿನ ಎರಡು ರಬ್ಬರ್ ಗಾಲಿ, ಮುಂದಕ್ಕೆ ಚಾಚಿದ ಮೂಕಿ, ಮೂಕಿಯ ತುದಿಗೆ ಕೊಂಡಿ. ಊರು ಅದಕ್ಕೆ ಮರಿಗಾಡಿ ಎಂದು ಹೆಸರಿಟ್ಟಿತು. ಅದರ ಕಬ್ಬಿಣ ಸಿಡಿಲು ಬಡಿದ ಆಲದ ಬುಡದಲ್ಲಿ ಸಿಕ್ಕಿದ್ದಂತೆ. ಹಾಗಿದ್ದರೆ ಸಿಡಿಲಿಗೆ ಬಣ್ಣ ಬಳಿಯಲೂ ಬರುತ್ತಿತ್ತು. ಚೌಕಟ್ಟಿನ ಒಂದು ಬದಿಗೆ 'ಹೋಟೆಲ್' ಎಂದು ಬರೆದಿತ್ತು.

ಗಾಡಿ ಮಾಡಿದವನು ಮಾನಪ್ಪನಾದರೂ ಹೊರೆ ಹೇರುವ ವಿದ್ಯೆ ದ್ಯಾಮಣ್ಣನದು. ಮೂವತ್ತು ವರ್ಷ ಹೇರಿದ ಕೈ. ಅವನ ಎತ್ತುಗಳ ಕೊರಳಲ್ಲಿ ಒಂದು ಹುಣ್ಣೂ ಇರಲಿಲ್ಲ. ಭಾರವನ್ನೆಲ್ಲ ಹಿಂದಕ್ಕೆ ಹೇರಿ ನೊಗವನ್ನು ಹಗುರ ಮಾಡುತ್ತಿದ್ದ. ಮೋಟರ್ ಸೈಕಲ್ಲಿಗೂ ಅದೇ ಕರುಣೆ ತೋರಿಸಿದ. ಪರೀಕ್ಷೆಗೆಂದು ತಂದ ಇಟ್ಟಿಗೆಗಳನ್ನು ಮರಿಗಾಡಿಯ ಹಿಂದಿನ ಹಲಗೆಗೆ ಒತ್ತಿ ಜೋಡಿಸಿದ. ಮಾನಪ್ಪ ಒಪ್ಪಿದ. ಎಲ್ಲರೂ ಒಪ್ಪಿದರು.

ಏರುವಾಗ ಮರಿಗಾಡಿ ಸುಮ್ಮನೆ ಬಂತು. ಗುಡ್ಡದ ಇಳಿಜಾರಿನಲ್ಲಿ ವೇಗ ಹೆಚ್ಚಿದ್ದೇ ಬಾಲ ಬೀಸಿತು. ಎಡಕ್ಕೆ ಬೀಸಿತು, ಬಲಕ್ಕೆ ಬೀಸಿತು, ಮೂರನೆಯ ಸಲ ಮಾನಪ್ಪನನ್ನು ಎತ್ತಿ ಜಾಲಿಯ ಪೊದೆಗೆ ಎಸೆಯಿತು.

"ಲೇ ಮಾನ್ಯಾ, ಗಾಡಿ ಮಾಡಂದ್ರ ನಾಯಿ ಮಾಡೀಯಲ್ಲೋ! ಬಾಲ ಅಳ್ಳಾಡಸ್ತೈತಿ," ಎಂದನಂತೆ ದ್ಯಾಮಣ್ಣ.

"ನಾಯಿ ಅಲ್ಲೋ ಮಾವಾ, ನಿನ್ನ ಶಿಷ್ಯ. ಹೇಳಿದ್ದಕ್ಕೆಲ್ಲ ಬಾಲ ಅಳ್ಳಾಡಸ್ತೈತಿ."

ಮೈಯ ಮುಳ್ಳು ತೆಗೆಸಿಕೊಳ್ಳುವ ಮೊದಲೇ ಗಾಡಿ ಬಿಚ್ಚಿದನಂತೆ. ಮೂಕಿ ಗಿಡ್ಡವಾಯಿತೆಂದು ಒಂದು ಮೊಳ ಉದ್ದ ಮಾಡಿದ. ದ್ಯಾಮಣ್ಣ, ಕೊರಳ ಮೇಲೆ ಇನ್ನೂ ಭಾರ ಉಳಿದಿದೆ ಎಂದು ಇಟ್ಟಿಗೆಗಳನ್ನು ಇನ್ನಷ್ಟು ಹಿಂದಕ್ಕೆ ಸರಿಸಿದ. ಮರಿಗಾಡಿ ಇನ್ನಷ್ಟು ಬೀಸಿತು. ಮಾನಪ್ಪ ಗಾಲಿಗಳ ನಡುವೆ ಅಂತರ ಹೆಚ್ಚಿಸಿದ. ಬೀಸಿತು. ಜೀಪಿನ ಕಮಾನುಪಟ್ಟಿ ಹಾಕಿದ, ಕೊಂಡಿ ಬದಲಿಸಿದ, ಅಕ್ಕಪಕ್ಕ ಹಲಗೆ ಕೂರಿಸಿ ಒಳಗೆ ಹುಲ್ಲಿನ ಮೆತ್ತೆ ಹೊಲಿದ. ಮೆತ್ತೆ ಚೆನ್ನಾಗಿತ್ತು. ಬೀಸಿತು. ಅವನ ಬಲಭುಜ ಜಾರಿತು. ಭುಜ ಕಟ್ಟಿದವನು ಹದಿನೈದು ದಿನ ಮಲಗು ಎಂದನಂತೆ; ಎರಡನೆಯ ದಿನವೇ ಮಾನಪ್ಪ ಎಡಗೈಯಲ್ಲಿ ಸುತ್ತಿಗೆ ಹಿಡಿದಿದ್ದನಂತೆ.

ಅಷ್ಟರಲ್ಲಿ ಗುಡ್ಡದಾಚೆಯ ಊರಿನಿಂದ ನೀಲವ್ವನಿಗೆ ಹೇಳಿಕೆ ಬಂತು. ಅಲ್ಲಿಯ ಕುಂಬಾರ ತೀರಿಕೊಂಡಿದ್ದ. ಗೌಡರ ಮನೆಯ ಮದುವೆಗೆ ಐರಣಿ ಬೇಕಿತ್ತು. ಸುಣ್ಣ ಬಳಿದು ಚಿತ್ರ ಬರೆದ ಐದು ಗಡಿಗೆ, ಜೊತೆಗೆ ಅಡುಗೆಗೆ ನಲವತ್ತು. ಐರಣಿಯಲ್ಲಿ ಕೂದಲೆಳೆಯ ಬಿರುಕು ಬಿದ್ದರೂ ಅಪಶಕುನ. ಎಲ್ಲವೂ ಗಟ್ಟಿಯಾಗಿ ಬಂದರೆ ಆ ಊರಿನ ಆಯ ಇನ್ನು ಮುಂದೆ ಆಕೆಗೆ. ಪ್ರತಿ ಸುಗ್ಗಿಗೆ ಪ್ರತಿ ಕಣದಿಂದ ಜೋಳ. ಒಡೆದರೆ ಬೇರೆ ಊರಿನ ಕುಂಬಾರನಿಗೆ. ಆಕೆಯ ಮನೆಯಲ್ಲಿ ಆಗ ಉಣ್ಣುವ ಬಾಯಿ ಆರು.

ದ್ಯಾಮಣ್ಣನ ಗಾಡಿಯಲ್ಲಿ ಹಾಕಿದರೆ ನಾಲ್ಕರಲ್ಲೊಂದು ಹೋಗುವುದು ಖಚಿತ. ಮರಿಗಾಡಿಯಲ್ಲಿ ಹಾಕಿದರೆ ಎಲ್ಲವೂ ಹೋಗಬಹುದು. ನೀಲವ್ವ ಕುಲುಮೆಗೆ ಬಂದಳು.

"ಯಣ್ಣಾ, ಬೀಳ್ತೈತೇನು?"

"ಬೀಳ್ತೈತಿ ತಂಗಿ. ಯಾಕ ಅನ್ನೂದು ಗೊತ್ತಿಲ್ಲ."

"ಮೆತ್ತಿ ಛಲೋ ಐತಿ," ಎಂದಳಂತೆ ಆಕೆ, ಒತ್ತಿ ನೋಡಿ. "ನಾಳೆ ಹೇರೂಣು."

ಮುಂದಿನದನ್ನು ಊರು ಮೈದುಂಬಿ ಹೇಳುತ್ತದೆ. ಮಾನಪ್ಪ ಉಪವಾಸ ಮಾಡಿದನಂತೆ. ಬೆರಳು ಕೊಯ್ದು ಕೊಂಡಿಗೆ ರಕ್ತದ ಬೊಟ್ಟಿಟ್ಟನಂತೆ. ಕಬ್ಬಿಣದ ಕಿವಿಯಲ್ಲಿ ಮಂತ್ರ ಹೇಳಿದನಂತೆ. ಕಬ್ಬಿಣದ ಕಿವಿ ಎಲ್ಲಿದೆ ಎಂದು ಯಾರೂ ತೋರಿಸಿಲ್ಲ. ನೀಲವ್ವ ಗಡಿಗೆ ಸುಡುವ ಆವಿಗೆಯ ಮುಂದೆ ಕಣ್ಣು ಮುಚ್ಚಿ ಕೂತಳಂತೆ, ಅವನು ಮರಳುವ ತನಕ ಗುಟುಕು ನೀರು ಕುಡಿಯಲಿಲ್ಲವಂತೆ. ದ್ಯಾಮಣ್ಣ ನಲವತ್ತು ಗಡಿಗೆಗಳನ್ನು ಎಂದಿನಂತೆ ಹಿಂದಕ್ಕೆ ಹೇರಿ, ಹಗ್ಗ ಬಿಗಿದು, ಜಾಲಿಯ ಪೊದೆಯ ಹತ್ತಿರ ಹೋಗಿ ಮೊದಲೇ ನಿಂತನಂತೆ.

ಮೋಟರ್ ಸೈಕಲ್ಲು ಗುಡ್ಡ ಏರಿತು. ಗುಡ್ಡ ಇಳಿಯಿತು. ಮರಿಗಾಡಿ ಬಾಲ ಬೀಸಲಿಲ್ಲ. ಇಳಿಜಾರಿನಲ್ಲಿ ಮಾನಪ್ಪ ಎರಡೂ ಕೈ ಬಿಟ್ಟು ನಮಸ್ಕಾರ ಮಾಡಿದನಂತೆ. ಜಾರಿದ ಭುಜದವನು ಒಂದು ಕೈ ಎತ್ತಿದ್ದರೂ ಹೆಚ್ಚೇ. ಇರಲಿ. ನಲವತ್ತೈದು ಗಡಿಗೆ ಹೋದವು, ನಲವತ್ತೈದು ಇಳಿದವು. ಗೌಡರ ಮನೆಯ ಮುದುಕಿಯರು ಐರಣಿಗಳನ್ನು ಬೆರಳಿನಿಂದ ತಟ್ಟಿ ನಾದ ಕೇಳಿ ಒಳಗೆ ಬರಮಾಡಿಕೊಂಡರು. ಆಯ ನೀಲವ್ವನಿಗೆ ಬಂತು. ಆಕೆಯ ಮೊಮ್ಮಕ್ಕಳು ಇಂದಿಗೂ ಆ ಊರಿನ ಜೋಳ ಉಣ್ಣುತ್ತಾರೆ.

ಮಾನಪ್ಪನಿಗೆ ಮಾತ್ರ ನೆಮ್ಮದಿ ಬರಲಿಲ್ಲ. ಸುತ್ತಲಿನ ಊರಿನವರು ಬಂದು ಅಂಥದ್ದೇ ಗಾಡಿ ಮಾಡಿಸಿಕೊಂಡರು. ಅದೇ ಅಳತೆ, ಅದೇ ಕೊಂಡಿ, ಅದೇ ಮೆತ್ತೆ. ಒಂದೊಂದೂ ಬಾಲ ಬೀಸಿತು. ಬಿದ್ದವರಲ್ಲಿ ಭಕ್ತಿ ಇರಲಿಲ್ಲ ಎಂದು ಊರು ತೀರ್ಮಾನಿಸಿತು. ಮಾನಪ್ಪ ಅದನ್ನು ಒಪ್ಪಲಿಲ್ಲ. ನೆಟ್ಟಗೆ ಹೋದ ಆ ಒಂದನ್ನು ಹನ್ನೊಂದು ಸಲ ಬಿಚ್ಚಿ ಜೋಡಿಸಿದ. ಇಟ್ಟಿಗೆ ಹೇರಿ ಓಡಿಸಿದರೆ ಅದೂ ಬೀಸಿತು. ಅವತ್ತು ಯಾಕೆ ಬೀಸಲಿಲ್ಲ ಎಂದು ಕಂಡಕಂಡವರನ್ನು ಕೇಳುತ್ತ ತಿರುಗಿದ. ದೇವರ ದಯೆ ಎಂದವನಿಗೆ ಸುತ್ತಿಗೆ ಎತ್ತಿದನಂತೆ. ಒಂದು ಬೆಳಿಗ್ಗೆ ಮರಿಗಾಡಿ ಕಟ್ಟಿಕೊಂಡು ಹೋದವನು ಮರಳಲಿಲ್ಲ. ಗಾಳಿಯಲ್ಲಿ ಸೇರಿದನಂತೆ. ಪಕ್ಕದ ತಾಲೂಕಿನಲ್ಲಿ ಕುಲುಮೆ ಹಾಕಿದ್ದನೆಂದೂ ಕೆಲವರು ಹೇಳುತ್ತಾರೆ. ಅವರ ಮಾತನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ಇಂದಿಗೂ ಆ ಕಡೆ ಯಾರಾದರೂ ಮೋಟರ್ ಸೈಕಲ್ಲಿಗೆ ಮರಿಗಾಡಿ ಕಟ್ಟಿದರೆ ಮೊದಲು ಕೊಂಡಿಗೆ ಕುಂಕುಮ ಹಚ್ಚುತ್ತಾರೆ. ಇಳಿಜಾರಿನ ತಲೆಯಲ್ಲಿ ನಿಂತು, "ಮಾನಪ್ಪಜ್ಜಾ, ಬಾಲ ಹಿಡಿ," ಎನ್ನುತ್ತಾರೆ. ಹೊರೆಯನ್ನು ಹಿಂದಕ್ಕೇ ಹೇರಿರುತ್ತಾರೆ, ಕೊರಳಿಗೆ ಭಾರವಾಗದ ಹಾಗೆ. ಕೆಳಗಿನ ಜಾಲಿಯ ಪೊದೆ ವರ್ಷವಿಡೀ ಹರಿದ ತಾಡಪತ್ರಿ ಹೊದ್ದು ನಿಂತಿರುತ್ತದೆ.

ಅವತ್ತಿನ ಹೊರೆ ಎಷ್ಟು, ಎಲ್ಲಿ ಹೇರಿತ್ತು ಎಂದು ಮಾನಪ್ಪ ಎಲ್ಲರನ್ನೂ ಕೇಳಿದ, ಎಲ್ಲರೂ ಗಡಿಗೆಗಳನ್ನಷ್ಟೇ ಎಣಿಸಿ ಹೇಳಿದರು. ಮನುಷ್ಯರನ್ನು ಹೊರೆ ಎಂದು ಎಣಿಸುವ ರೂಢಿ ಆ ಊರಿನಲ್ಲಿ ಇರಲಿಲ್ಲ. ನೀಲವ್ವ ಅವತ್ತು ಆವಿಗೆಯ ಮುಂದೆ ಕೂತಿರಲಿಲ್ಲ. ಜೋಳದ ತುಂಬು ಚೀಲದಷ್ಟು ತೂಕದ ಆ ಹೆಂಗಸು, ಐದು ಐರಣಿಗಳನ್ನು ತೊಡೆಯ ಮೇಲೆ ತಬ್ಬಿ ಹಿಡಿದು, ಮರಿಗಾಡಿಯಲ್ಲಿ ಅಚ್ಚಿನ ಮುಂದೆ, ಮೂಕಿಯ ಬುಡದಲ್ಲಿ, ಭಾರವೆಲ್ಲ ಎಳೆಯುವುದರ ಕೊರಳ ಮೇಲೇ ಬೀಳುವ ಹಾಗೆ ಕೂತಿದ್ದಳು.